ಮೂವತ್ತಮೂರು ನೂಲಿನ ಕಪ್ಪೆ

ಹಳೆಯ ಸೂಕ್ಷ್ಮದರ್ಶಕಕ್ಕೆ ಮೂವತ್ತೆಂಟು ಸಾವಿರ. ಅದೂ ಮುಚ್ಚಿಹೋದ ಕಾಲೇಜೊಂದರಿಂದ ತಂದದ್ದು, ಅಡಿಗೆ ಒಂದು ಬದಿ ರಟ್ಟು ಕೊಟ್ಟು ಸಮ ಮಾಡಬೇಕು. ಗಾಜಿನ ಪಟ್ಟಿ, ಬಣ್ಣ, ಮದ್ದಿನ ಸೀಸೆ ಸೇರಿ ಒಂಬತ್ತು ಸಾವಿರ. ಸುಳ್ಯ ಪೇಟೆಯಿಂದ ಪ್ಲಾಸ್ಟಿಕ್ ಟಬ್ಬು, ಚೌಕಾಸಿ ಮಾಡಿ ಒಂದಕ್ಕೆ ನೂರ ಅರುವತ್ತು. ನನ್ನ ಹೋಟೆಲಿನ ಹಿಂದಿನ ಕೋಣೆಯನ್ನು ರಬ್ಬರು ಶೀಟಿನ ವ್ಯಾಪಾರಿಗೆ ಕೊಟ್ಟಿದ್ದರೆ ತಿಂಗಳಿಗೆ ಎರಡೂವರೆ ಸಾವಿರ ಬರುತ್ತಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಪ್ಪೆ ಸಾಕುವ ಜಾಗದಲ್ಲಿ ಚಾ ಕುಡಿಯುವುದಿಲ್ಲ ಎಂದು ಎದ್ದು ಹೋದ ಗಿರಾಕಿಗಳದ್ದು ಬೇರೆ. ಇಷ್ಟೆಲ್ಲ ಖರ್ಚಾದದ್ದು ಒಂದು ಕಾಗದದ ಮೇಲೆ ಇಪ್ಪತ್ತೆರಡು ಎಂದು ಬರೆಯುವ ಬದಲು ಮೂವತ್ತಮೂರು ಎಂದು ಬರೆಯುವುದಕ್ಕೆ.

ನಾನು ದೇವಮ್ಮ. ಅರಂತೋಡಿನಲ್ಲಿ ಮಡಿಕೇರಿ ರಸ್ತೆಯ ಬದಿಗೆ ನಮ್ಮದೊಂದು ಚಿಕ್ಕ ಹೋಟೆಲು. ನನ್ನ ಗಂಡ ದೇರಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ, ನಾನು ಒಲೆಯ ಮುಂದೆ ನಿಲ್ಲುತ್ತೇನೆ. ಸುಪ್ರಿತಾ ನಮ್ಮ ನೆಂಟಳಲ್ಲ. ಕಬಕದ ಬಂಟರ ಮನೆಯ ಹುಡುಗಿ. ಅವಳ ಮನೆಯ ಮಾತು ತುಳು, ನಮ್ಮದು ಅರೆಭಾಷೆ, ಹಾಗಾಗಿ ನಾವು ಮಾತಾಡುವುದು ಕನ್ನಡ. ಒಂದು ಮಳೆಗಾಲದ ಆರಂಭದಲ್ಲಿ ಕೊಡೆಯ ನೀರು ಇಳಿಸುತ್ತಾ ಒಳಗೆ ಬಂದು ಬಾಡಿಗೆಗೆ ಕೋಣೆ ಉಂಟಾ ಎಂದು ಕೇಳಿದಳು. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಮ್ಮ ಊರಿನ ಮೇಲಿರುವ ಬೊಳ್ಳುಕಲ್ಲು ಗುಡ್ಡದ ನೆಲಗಪ್ಪೆಗಳನ್ನು ನೋಡಬೇಕು, ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದೆ ಎಂದಳು.

"ಕಪ್ಪೆ ನೋಡ್ಲಿಕ್ಕೆ ಗುಡ್ಡೆ ಯಾಕೆ ಹತ್ತುದು? ನಮ್ಮ ಬಚ್ಚಲಲ್ಲೇ ಉಂಟಲ್ಲ" ಎಂದರು ದೇರಣ್ಣ.

"ಬಚ್ಚಲಿಂದು ಊರಿನ ಕಪ್ಪೆ ಅಣ್ಣ. ಗುಡ್ಡೆದು ಬೇರೆ ಜಾತಿ ಅಂತ ನನಗೆ ಸಂಶಯ."

"ಬೇರೆ ಅಂತ ಕಪ್ಪೆಗೆ ಗೊತ್ತುಂಟಾ?"

"ಅದಕ್ಕೆ ಗೊತ್ತುಂಟು. ನಮಗೆ ಗೊತ್ತಾಗ್ಬೇಕಷ್ಟೆ."

ನಾನು ಕೋಣೆಯ ಬೀಗದ ಕೈ ಕೊಟ್ಟೆ. ಗಂಡಸರ ತಮಾಷೆಗೆ ನಗದೆ, ಸಿಟ್ಟೂ ಮಾಡದೆ ಉತ್ತರ ಕೊಡುವ ಹುಡುಗಿ ಬಾಡಿಗೆ ಬಾಕಿ ಇಡುವುದಿಲ್ಲ.

ಅವಳ ಕೆಲಸವನ್ನು ಅವಳೇ ನನಗೆ ತಿಳಿಸಿ ಹೇಳಿದ್ದು. ಪ್ರತಿ ಜೀವಿಯ ಮೈಯ ಕಣಕಣದಲ್ಲೂ ನೂಲಿನಂತಹ ತುಂಡುಗಳಿರುತ್ತವೆ, ಓದಿದವರು ಅದನ್ನು ವರ್ಣತಂತು ಎನ್ನುತ್ತಾರೆ. ಅಮ್ಮನಿಂದ ಒಂದು ಕಟ್ಟು, ಅಪ್ಪನಿಂದ ಒಂದು ಕಟ್ಟು. ನೆಲಗಪ್ಪೆಗಳಲ್ಲಿ ಹೆಚ್ಚಿನವಕ್ಕೆ ಒಂದು ಕಟ್ಟಿನಲ್ಲಿ ಹನ್ನೊಂದು ನೂಲು, ಎರಡು ಕಟ್ಟು ಸೇರಿ ಇಪ್ಪತ್ತೆರಡು. ಎಣಿಸುವುದಕ್ಕೆ ಗೊದಮೊಟ್ಟೆಯ ಬಾಲದ ತುದಿ ಚೂರು ಸಾಕು, ಬಾಲ ಮತ್ತೆ ಬೆಳೆಯುತ್ತದೆ. ಅದಕ್ಕೆ ಒಂದು ಮದ್ದು ಹಾಕಿ, ಬಣ್ಣ ಕೊಟ್ಟು, ಗಾಜಿನ ಮೇಲೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಆಗ ಅದು ವಿಶ್ವವಿದ್ಯಾಲಯದ್ದು. ಬೊಳ್ಳುಕಲ್ಲಿನ ಬಂಡೆಯ ಗುಂಡಿಗಳಿಂದ ತಂದ ಗೊದಮೊಟ್ಟೆಗಳಲ್ಲಿ ಅವಳಿಗೆ ಪ್ರತಿ ಸಲವೂ ಸಿಕ್ಕಿದ್ದು ಮೂವತ್ತಮೂರು. ಎರಡು ಕಟ್ಟಲ್ಲ, ಮೂರು ಕಟ್ಟು.

ಆ ಮಳೆಗಾಲ ಮುಗಿದ ಮೇಲೆ ಅವಳು ಲೆಕ್ಕ ಒಪ್ಪಿಸಲು ವಿಶ್ವವಿದ್ಯಾಲಯಕ್ಕೆ ಹೋದಳು. ಬೇಸಿಗೆಯಲ್ಲಿ ತಿರುಗಿ ಬಂದಾಗ ಕೈಯಲ್ಲಿ ಆ ಸೂಕ್ಷ್ಮದರ್ಶಕದ ಪೆಟ್ಟಿಗೆ ಇತ್ತು, ಮುಖ ಬಾಡಿತ್ತು. ನಾನು ದೋಸೆ ಹೊಯ್ಯುತ್ತಿದ್ದೆ. ಒಲೆಯ ಪಕ್ಕದ ಮಣೆಯ ಮೇಲೆ ಕೂತು ಎಲ್ಲ ಹೇಳಿದಳು.

ಅವಳ ಗೈಡ್ ಜಯಪ್ರಕಾಶ್ ಎಂಬ ದೊಡ್ಡ ಪ್ರೊಫೆಸರು. ಘಟ್ಟದ ನೆಲಗಪ್ಪೆಗಳಲ್ಲಿ ಯಾವುದು ಯಾವ ಜಾತಿ ಎಂದು ವಿಂಗಡಿಸಿ ಹಿಂದೆಯೇ ಬರೆದವರು. ಅದರಲ್ಲಿ ಬೊಳ್ಳುಕಲ್ಲಿನದು ಊರಿನ ನೆಲಗಪ್ಪೆಯೇ, ಎತ್ತರದ ತಂಪಿಗೆ ಬಣ್ಣ ಬದಲಿಸಿದ್ದು ಅಷ್ಟೆ ಎಂದಿತ್ತು. ಈಗ ಶಿಷ್ಯೆ ಬಂದು ಅಲ್ಲ ಎಂದರೆ ಅವರಿಗೆ ಹೇಗಾಗಬೇಡ?

"ಮೊದಲು ಮದ್ದು ಜಾಸ್ತಿ ಹಾಕಿದ್ದೀ, ಅದಕ್ಕೆ ನೂಲು ಹೆಚ್ಚಾಗಿದೆ ಅಂದ್ರು" ಎಂದಳು ಸುಪ್ರಿತಾ. "ಮದ್ದು ಜಾಸ್ತಿಯಾದ್ರೆ ಇದ್ದದ್ದು ದುಪ್ಪಟ್ಟು ಆಗುದು ಸರ್, ಇಪ್ಪತ್ತೆರಡು ನಲವತ್ತನಾಲ್ಕು ಆಗ್ಬೇಕಿತ್ತು, ಮೂವತ್ತಮೂರು ಹೇಗಾಗ್ತದೆ ಅಂತ ಕೇಳಿದೆ."

"ಅದಕ್ಕೆ ಎಂತ ಹೇಳಿದ್ರು?"

"ಹಾಗಾದ್ರೆ ಎಲ್ಲಿಯೋ ಕಲಬೆರಕೆಯಾಗಿ ಹುಟ್ಟಿದ್ದು, ಮೂರು ಕಟ್ಟಿನ ಜೀವಕ್ಕೆ ಮರಿ ಆಗುದಿಲ್ಲ, ಅದು ಜಾತಿಯೇ ಅಲ್ಲ ಅಂದ್ರು. ಮತ್ತೆ ಕೇಳಿದ್ರು, ಈ ಗೊದಮೊಟ್ಟೆಗಳ ಅಪ್ಪ ಯಾರು ಅಂತ."

ಅಲ್ಲಿ ಅವಳು ಸೋತಿದ್ದಳು. ಮೊಟ್ಟೆಯಿಟ್ಟ ಹೆಣ್ಣುಗಳನ್ನು ಗುರುತು ಹಾಕಿ ಇಟ್ಟುಕೊಂಡಿದ್ದಳು, ಒಂದೊಂದು ಹೆಣ್ಣಿನ ಮರಿಗಳನ್ನು ಆಯಾ ಅಮ್ಮನ ಹೆಸರಿನಲ್ಲೇ ಬೇರೆ ಬೇರೆ ಸಾಕಿದ್ದಳು. ಗಂಡುಗಳನ್ನು ನೋಡಿ, ಅಲ್ಲೇ ಗುಂಡಿಗೆ ಬಿಟ್ಟು ಬಂದಿದ್ದಳು.

"ಅದೆಂತ ಮಾರಾಯ್ತಿ, ಅಪ್ಪನನ್ನು ಬಿಟ್ಟುಬಿಟ್ಟದ್ದು?"

"ನಿಜ ಹೇಳ್ಬೇಕಾ ದೇವಮ್ಮಕ್ಕ? ಹೊಳೆಯಲೇ ಇಲ್ಲ. ನಮ್ಮಲ್ಲಿ ಯಾರ ಮಕ್ಕಳು ಅಂತ ಕೇಳಿದ್ರೆ ಅಮ್ಮನ ಹೆಸರು, ಅಮ್ಮನ ಮನೆ, ಅಮ್ಮನ ಬಳಿ. ಕೈಗೆ ಅದೇ ಅಭ್ಯಾಸ."

ಅವಳು ಹೇಳಿದ್ದು ನನಗೆ ಅರ್ಥವಾಯಿತು. ಬಳಿ ಎಂದರೆ ಕುಲದ ಕವಲು, ಒಂದೇ ಬಳಿಯವರ ನಡುವೆ ಮದುವೆ ಇಲ್ಲ. ಬಂಟರಲ್ಲಿ ಅದು ಅಮ್ಮನಿಂದ ಬರುತ್ತದೆ, ನಮ್ಮ ಗೌಡರಲ್ಲಿ ಅಪ್ಪನಿಂದ. ಆ ಕೆಲಸ ನನಗೆ ಕೊಟ್ಟಿದ್ದರೆ ನಾನು ಗಂಡುಗಳನ್ನು ಹಿಡಿದಿಟ್ಟು ಹೆಣ್ಣುಗಳನ್ನು ಬಿಟ್ಟು ಬರುತ್ತಿದ್ದೆ. ಅದೂ ಅರ್ಧವೇ.

"ಈಗ ಅವರು ಎಂತ ಮಾಡ್ಬೇಕು ಅಂತಾರೆ?"

"ಇಪ್ಪತ್ತೆರಡು ಅಂತ ಬರೆ, ಕೆಲವು ಕಣಗಳಲ್ಲಿ ದೋಷ ಕಂಡಿತು ಅಂತ ಕೆಳಗೆ ಒಂದು ಸಾಲು ಸೇರಿಸು, ಸಹಿ ಹಾಕ್ತೇನೆ ಅಂದ್ರು. ಪುತ್ತೂರಿನ ಒಂದು ಕಾಲೇಜಿನಲ್ಲಿ ಕೆಲಸ ಖಾಲಿ ಉಂಟು, ಡಾಕ್ಟರೇಟ್ ಆದ ಕೂಡಲೇ ಸೇರಿಸ್ತಾರಂತೆ. ಬರೆಯದಿದ್ರೆ ಸಹಿ ಇಲ್ಲ. ನನ್ನ ಸ್ಕಾಲರ್‌ಶಿಪ್ ಮುಗೀತು ಅಕ್ಕ. ಒಂದು ಮಳೆಗಾಲ ನನ್ನದೇ ಖರ್ಚಿನಲ್ಲಿ ಮಾಡ್ಬೇಕು. ಕಪ್ಪೆಯ ಅಪ್ಪ ಅಮ್ಮ ಇಬ್ಬರನ್ನೂ ಇಟ್ಟುಕೊಂಡು, ಮರಿ ಆಗ್ತದಾ, ಮರಿಗೆ ಎಷ್ಟು ನೂಲು ಅಂತ ತೋರಿಸ್ಬೇಕು."

"ಮನೆಯಲ್ಲಿ ಎಂತ ಹೇಳ್ತಾರೆ?"

"ಅಮ್ಮನ ಅಣ್ಣ ಕಿಟ್ಟಣ್ಣ ಮಾವ ಫೋನ್ ಮಾಡಿ, ಕಪ್ಪೆಗೆ ಹನ್ನೊಂದು ನೂಲು ಕಮ್ಮಿಯಾದ್ರೆ ನಿನಗೆ ಎಂತ ಹೋಗ್ತದೆ ಅಂತ ಕೇಳಿದ್ರು."

"ನೀನು ಎಂತ ಹೇಳಿದೆ?"

"ನನ್ನ ಕಣ್ಣು ಹೋಗ್ತದೆ ಮಾವ ಅಂದೆ. ಕಂಡದ್ದನ್ನು ಕಾಣಲಿಲ್ಲ ಅಂತ ಒಮ್ಮೆ ಬರೆದ್ರೆ, ಮುಂದೆ ಯಾವುದನ್ನು ನೋಡಿದ್ರೂ ನನಗೇ ನಂಬಿಕೆ ಬರುದಿಲ್ಲ."

ನಾನು ದೋಸೆ ಮಗುಚಿದೆ. ರಬ್ಬರು ಶೀಟಿನವನಿಗೆ ಕೋಣೆ ಕೊಡುತ್ತೇನೆ ಎಂದು ಮಾತಾಗಿತ್ತು. ಆಗುವುದಿಲ್ಲ ಎಂದು ಅವನಿಗೆ ಅವತ್ತೇ ಹೇಳಿದೆ. ದೇರಣ್ಣ ಗೊಣಗಿದರು, ಆದರೆ ಟಬ್ಬುಗಳನ್ನು ಸುಳ್ಯದಿಂದ ಪಿಕಪ್ಪಿನಲ್ಲಿ ಹೇರಿಕೊಂಡು ಬಂದದ್ದು ಅವರೇ.

ಜೂನ್ ಮಳೆ ಹಿಡಿದ ಮೇಲೆ ಬೆಳಗಿನ ಜಾವ ಮೂವರೂ ಬೊಳ್ಳುಕಲ್ಲು ಹತ್ತಿದೆವು. ಜಿಗಣೆ ಕಾಲಿಗೆ ಏರದಂತೆ ಸುಣ್ಣ, ಹೊಗೆಸೊಪ್ಪು ಉಜ್ಜಿಕೊಂಡಿದ್ದೆವು. ಬಂಡೆಯ ಗುಂಡಿಗಳಲ್ಲಿ ನೀರು ತುಂಬಿತ್ತು. ಕಪ್ಪೆಗಳ ಕಂದು ಮೈಗೆ ತುಕ್ಕಿನ ಬಣ್ಣದ ಗೆರೆ, ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಗಾತ್ರ. ಗಂಡು ಹೆಣ್ಣಿನ ಬೆನ್ನ ಮೇಲೆ ಕೂತು ಕಂಕುಳಡಿ ಅಪ್ಪಿ ಹಿಡಿದಿತ್ತು. ಈ ಸಲ ಸುಪ್ರಿತಾ ಜೋಡಿಯನ್ನು ಬಿಡಿಸದೆ ಹಾಗೆಯೇ ಎತ್ತಿ ಡಬ್ಬಿಗೆ ಹಾಕಿದಳು.

"ಬಳಿ ಕೇಳಿದಿರಾ? ಒಂದೇ ಬಳಿಯಾದ್ರೆ ದೋಷ" ಎಂದರು ದೇರಣ್ಣ.

"ನೀವೇ ಒಮ್ಮೆ ಕೇಳಿ ಅಣ್ಣ. ನನಗೆ ಹೇಳುದಿಲ್ಲ."

ಒಂದೊಂದು ಜೋಡಿಗೆ ಒಂದೊಂದು ಟಬ್ಬು. ಹೆಣ್ಣುಗಳು ಮಣಿಸರದಂತೆ ಉದ್ದಕ್ಕೆ ಮೊಟ್ಟೆಯಿಟ್ಟವು. ಮೊಟ್ಟೆಯೊಡೆದು ಗೊದಮೊಟ್ಟೆಗಳು ಕಪ್ಪು ಸಾಸಿವೆಯಂತೆ ಅಲುಗಾಡಿದವು. ಅಪ್ಪ ಅಮ್ಮಂದಿರಿಂದ ಒಂದೊಂದು ಹನಿ ರಕ್ತ ತೆಗೆದು, ಐಸಿನಲ್ಲಿಟ್ಟು, ಮಂಗಳೂರಿನ ಗೆಳತಿಯ ಲ್ಯಾಬಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಡಬ್ಬಿಯಲ್ಲಿ ಎಂತ ಉಂಟು ಎಂದು ಅವನು ಕೇಳಿದಾಗ, ಮದ್ದು ಎಂದು ನಾನು ಹೇಳಿದೆ. ಕಪ್ಪೆಯ ರಕ್ತ ಎಂದು ಅವಳು ಸರಿಪಡಿಸಿದಳು. ಡಬ್ಬಿಯನ್ನು ಎಂಜಿನ್ನಿನ ಹತ್ತಿರ ಇಡಬೇಡಿ ಎಂದು ಅವಳು ಹೇಳುವ ಮೊದಲೇ ಅವನು ಅದನ್ನು ಕೈ ಚಾಚಿ ದೂರ ಹಿಡಿದಿದ್ದ.

ಅಷ್ಟರಲ್ಲಿ ಊರಿನಲ್ಲಿ ಡೆಂಗಿ ಜ್ವರ ಶುರುವಾಯಿತು. ಆಶಾ ಕಾರ್ಯಕರ್ತೆ ಆಫ್ರಾ ಮನೆಮನೆಗೆ ಹೋಗಿ ಟಯರು, ತೆಂಗಿನ ಚಿರಟೆ, ಹೂಕುಂಡದ ತಟ್ಟೆ ಎಲ್ಲವನ್ನೂ ಕವುಚಿ ಹಾಕಿಸುತ್ತಿದ್ದಳು. ಒಂದು ಮಧ್ಯಾಹ್ನ ನಮ್ಮ ಹಿಂದಿನ ಕೋಣೆಗೆ ಇಣುಕಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ದೇವಮ್ಮಕ್ಕ, ಊರಿಡೀ ನಾನು ಚಿರಟೆ ಕವುಚುದು, ನೀವಿಲ್ಲಿ ಟಬ್ಬು ತುಂಬಿಸಿ ಇಡುದಾ? ನಾಳೆಯ ಒಳಗೆ ಎಲ್ಲ ಚೆಲ್ಲಿ. ಇಲ್ಲದಿದ್ರೆ ಪಂಚಾಯತಿನವರು ಬಂದು ಚೆಲ್ಲುದು."

ಅವಳು ಹೇಳುವುದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಪಕ್ಕದ ಮನೆಯವರೇ ಜ್ವರ ಬಂದು ಸುಳ್ಯದ ಆಸ್ಪತ್ರೆಯಲ್ಲಿ ಮಲಗಿದ್ದರು. ಆದರೆ ಆ ನೀರು ಚೆಲ್ಲಿದರೆ ಸುಪ್ರಿತಾಳಿಗೆ ಮತ್ತೊಂದು ಮಳೆಗಾಲಕ್ಕೆ ದುಡ್ಡೂ ಇರಲಿಲ್ಲ, ಬೇರೆ ಬಾಗಿಲೂ ಇರಲಿಲ್ಲ. ನಾನು ವ್ಯಾಪಾರದವಳು, ನಾಲಗೆ ತಾನೇ ಓಡಿತು.

"ಅದು ಗೊದಮೊಟ್ಟೆ ಮಾರಾಯ್ತಿ. ಸೊಳ್ಳೆಯ ಮರಿಯನ್ನು ತಿಂದು ಮುಗಿಸ್ತದೆ. ಇದ್ದಷ್ಟೂ ಊರಿಗೆ ಒಳ್ಳೆಯದೇ."

"ಹೌದಾ?" ಎಂದು ಆಫ್ರಾ ಸುಪ್ರಿತಾಳನ್ನು ನೋಡಿದಳು.

"ಇಲ್ಲ. ಇವು ಪಾಚಿ ತಿನ್ನುದು. ಸೊಳ್ಳೆಮರಿ ಇದ್ರೆ ಅದರಷ್ಟಕ್ಕೆ ಬೆಳೀತದೆ" ಎಂದಳು ನಮ್ಮ ಸತ್ಯವಂತೆ.

ನನಗೆ ಅವಳ ತಲೆಗೊಂದು ಕುಟ್ಟಬೇಕು ಎನಿಸಿತು. ಆಫ್ರಾ ಮಾತ್ರ ನಕ್ಕುಬಿಟ್ಟಳು.

"ಇಷ್ಟು ದಿನದಲ್ಲಿ ನನ್ನ ಹತ್ರ ಸುಳ್ಳು ಹೇಳದವರು ನೀವೊಬ್ಬರೇ. ಸೊಳ್ಳೆ ನೀರಿಗೆ ಇಳಿಯದ ಹಾಗೆ ಎಂತ ಮಾಡ್ತೀರಿ ಹೇಳಿ."

"ನೆಟ್ಟು ಕಟ್ಟಬಹುದು" ಎಂದಳು ಸುಪ್ರಿತಾ.

ಮನೆಯಲ್ಲಿದ್ದದ್ದು ದೇರಣ್ಣನ ಮಂಚದ ಸೊಳ್ಳೆಪರದೆ ಒಂದೇ. ನಾನು ಅದನ್ನು ಬಿಚ್ಚಿ ತಂದು, ಆಫ್ರಾಳ ಎದುರಿಗೇ ಕತ್ತರಿಸಿ, ಪ್ರತಿ ಟಬ್ಬಿಗೂ ಬಿಗಿದು ಕಟ್ಟಿದೆ. ಅವಳು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದಳು, ಎರಡು ಕಡೆ ಮತ್ತೆ ಕಟ್ಟಿಸಿದಳು. ವಾರ ವಾರ ಬಂದು ನೋಡುತ್ತೇನೆ, ಒಂದು ಸೊಳ್ಳೆಮರಿ ಕಂಡರೂ ನಾನೇ ಚೆಲ್ಲುತ್ತೇನೆ ಎಂದು ಹೇಳಿ ಹೋದಳು. ಹೇಳಿದಂತೆ ಬಂದಳು. ಒಮ್ಮೆಯೂ ಚೆಲ್ಲಬೇಕಾಗಲಿಲ್ಲ.

"ಕಪ್ಪೆಗೆ ಪರದೆ, ನನಗೆ ಸೊಳ್ಳೆ" ಎಂದು ದೇರಣ್ಣ ಗಿರಾಕಿಗಳ ಹತ್ತಿರ ಹೇಳಿಕೊಂಡು ತಿರುಗಿದರು. ಕೆಲವರು ನಕ್ಕರು. ಕೆಲವರು ನೆಲಗಪ್ಪೆಯ ವಿಷ ಚಾಕ್ಕೆ ಇಳಿಯುತ್ತದೆ ಎಂದು ಗ್ಲಾಸು ಕೆಳಗಿಟ್ಟು ಹೋದರು. ಹೋಗುವವರು ಹೋಗಲಿ ಎಂದು ನಾನು ಒಲೆಗೆ ಸೌದೆ ಹಾಕಿದೆ. ಕಪ್ಪೆಯನ್ನು ಕಂಡು ಓಡುವವರು ಬಿಲ್ಲು ಕಂಡಾಗಲೂ ಹಾಗೆಯೇ.

ಮಳೆ ಇಳಿಮುಖವಾದಾಗ ಲೆಕ್ಕ ಬಂತು. ಅಮ್ಮನಿಗೆ ಮೂವತ್ತಮೂರು, ಅಪ್ಪನಿಗೆ ಮೂವತ್ತಮೂರು, ಮರಿಗಳಿಗೆ ಮೂವತ್ತಮೂರು. ಎಲ್ಲ ಜೋಡಿಗಳಲ್ಲೂ ಅದೇ. ಒಂದು ನೂಲಿನ ತುದಿಯಲ್ಲಿ ಚಿಕ್ಕ ಗಂಟಿತ್ತು. ಆ ಗಂಟಿನ ಗುರುತು ಹಿಡಿದು ಯಾರಿಂದ ಎಷ್ಟು ಬಂತು ಎಂಬುದನ್ನೂ ಅವಳು ಬಿಡಿಸಿದಳು. ಅಮ್ಮನಿಂದ ಎರಡು ಕಟ್ಟು, ಅಪ್ಪನಿಂದ ಒಂದು.

"ಹಾಗಾದ್ರೆ ನಿಮ್ಮವರೇ ಸರಿ. ಅಮ್ಮನ ಪಾಲೇ ದೊಡ್ಡದು" ಎಂದೆ.

"ಅಪ್ಪನ ಒಂದು ಕಟ್ಟು ಇಲ್ಲದಿದ್ರೆ ಕಪ್ಪೆಯೇ ಇಲ್ಲ ಅಕ್ಕ. ನೀವೂ ಸರಿಯೇ" ಎಂದಳು.

ಅವಳು ಜಯಪ್ರಕಾಶ್ ಅವರಿಗೆ ಬರೆದು ತಿಳಿಸಿದಳು. ಅವರು ಉತ್ತರ ಬರೆಯಲಿಲ್ಲ. ಒಂದು ಭಾನುವಾರ ಮಡಿಕೇರಿಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ತಾವೇ ಹೋಟೆಲಿಗೆ ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಹಾಕಿದ ಅಂಗಿ, ಮಾತು ಮೆತ್ತಗೆ. ಕೆಟ್ಟವರಂತೆ ಕಾಣಲಿಲ್ಲ. ನಾನು ನೀರುದೋಸೆ, ಕಾಯಿಬೆಲ್ಲ ಕೊಟ್ಟೆ. ತಿಂದು, ಕೈ ತೊಳೆದು, ಮಾಡಿಗೆ ತೂಗುಹಾಕಿದ್ದ ನೇಂದ್ರ ಬಾಳೆಯ ಗೊನೆಯನ್ನು ತೋರಿಸಿದರು.

"ನೋಡು ಸುಪ್ರಿತಾ. ಬಾಳೆಗೂ ಮೂರು ಕಟ್ಟು, ಮೂವತ್ತಮೂರೇ. ಅದಕ್ಕೇ ಬೀಜ ಇಲ್ಲ. ಮೂರನ್ನು ಸಮ ಪಾಲು ಮಾಡ್ಲಿಕ್ಕೆ ಪ್ರಕೃತಿಗೂ ಆಗುದಿಲ್ಲ."

"ಬಾಳೆಗೆ ಬುಡದಲ್ಲಿ ಕಂದು ಏಳ್ತದೆ ಸರ್, ಬೀಜ ಬೇಡ. ಕಪ್ಪೆಗೆ ಕಂದು ಬರುದಿಲ್ಲ, ಮೊಟ್ಟೆಯೇ ಇಡ್ಬೇಕು. ಇಟ್ಟಿದೆ. ಸಮ ಪಾಲು ಮಾಡ್ಲಿಲ್ಲ, ಎರಡು ಒಂದು ಮಾಡಿದೆ. ಕಾರಕೋರಂ ಬೆಟ್ಟದ ನೆಲಗಪ್ಪೆ ಹೀಗೇ ಮಾಡುದು ಅಂತ ನೀವೇ ಪಾಠ ಮಾಡಿದ್ದು."

"ಅದು ಹಿಮದ ಬೆಟ್ಟ ಮಾರಾಯ್ತಿ. ಇದು ಅರಂತೋಡು."

"ಅರಂತೋಡಿನ ಕಪ್ಪೆಗೆ ಅಷ್ಟು ಬುದ್ಧಿ ಇರಬಾರದಾ ಸರ್?"

ಗಲ್ಲಾಪೆಟ್ಟಿಗೆಯ ಹಿಂದೆ ದೇರಣ್ಣ ಕೆಮ್ಮಿದರು. ಸುಪ್ರಿತಾ ಎದ್ದು ಕೋಣೆಯ ಬಾಗಿಲು ತೆರೆದಳು.

"ಒಮ್ಮೆ ನೀವೇ ಎಣಿಸಿ. ಯಾವ ಗಾಜಿನ ಪಟ್ಟಿ ಬೇಕಾದ್ರೂ ತೆಗೆದುಕೊಳ್ಳಿ, ನಾನು ಆರಿಸುದಿಲ್ಲ."

ಅವರು ಬರುವುದಿಲ್ಲ ಎನ್ನುತ್ತಾರೆ ಎಂದು ನಾನೆಣಿಸಿದ್ದೆ. ಅವರು ಕನ್ನಡಕ ತೆಗೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ತುಟಿ ಅಲ್ಲಾಡುತ್ತಿತ್ತು. ಒಂದು ಪಟ್ಟಿ ಮುಗಿಸಿ ಇನ್ನೊಂದು, ಆಮೇಲೆ ಮತ್ತೊಂದು ತೆಗೆದರು. ನಾನು ಚಾ ತಂದಿಟ್ಟೆ, ಅದು ಆರಿ ಕೆನೆ ಕಟ್ಟಿತು. ಕೊನೆಗೆ ತಲೆಯೆತ್ತಿದಾಗ ಅವರ ಮುಖದಲ್ಲಿ ಒಂದು ಕ್ಷಣ ಸಂತೋಷವೇ ಇತ್ತು, ನಾನು ನೋಡಿದ್ದೇನೆ. ಓದಿದ ಮನುಷ್ಯನಿಗೆ ಹೊಸತು ಕಂಡಾಗ ಆಗುವ ಸಂತೋಷ. ಆಮೇಲೆ ಅದು ಇಳಿದುಹೋಯಿತು.

"ಚೆನ್ನಾಗಿ ಮಾಡಿದ್ದೀ. ಮೂವತ್ತಮೂರೇ" ಎಂದರು.

"ಹಾಗಾದ್ರೆ ಸಹಿ ಹಾಕ್ತೀರಾ ಸರ್?"

ಅವರು ಕನ್ನಡಕ ಒರೆಸಿದರು. "ಇಲ್ಲ. ನನ್ನ ವಿಂಗಡಣೆಯನ್ನು ನಂಬಿ ಎಷ್ಟೋ ಜನ ಬರೆದಿದ್ದಾರೆ. ನನ್ನ ಶಿಷ್ಯೆಯೇ ಅದನ್ನು ಬೀಳಿಸಿದಳು ಅಂತ ಆಗುದು ಬೇಡ. ನನಗೆ ಇನ್ನು ಸ್ವಲ್ಪ ಸಮಯ ಸರ್ವೀಸು. ನಾನು ನಿವೃತ್ತಿಯಾಗುವವರೆಗೆ ಇಪ್ಪತ್ತೆರಡು ಅಂತ ಇರಲಿ. ಆಮೇಲೆ ನೀನು ಎಂತ ಬೇಕಾದ್ರೂ ಬರೆ, ನಾನು ಬೇಡ ಅನ್ನುದಿಲ್ಲ. ಕಪ್ಪೆ ಎಲ್ಲಿಗೂ ಓಡಿಹೋಗುದಿಲ್ಲ."

ಒಂದು ರೀತಿಯಲ್ಲಿ ಒಳ್ಳೆಯ ವ್ಯಾಪಾರವೇ. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆನೋ ಏನೋ. ಡಾಕ್ಟರೇಟ್ ಸಿಗುತ್ತದೆ, ಪುತ್ತೂರಿನಲ್ಲಿ ಕೆಲಸ ಸಿಗುತ್ತದೆ, ಸತ್ಯವನ್ನು ನಾಲ್ಕು ದಿನ ಉಪ್ಪಿನಲ್ಲಿ ಹಾಕಿಟ್ಟರೆ ಸಾಕು. ನಾನು ಸುಪ್ರಿತಾಳ ಮುಖ ನೋಡಿದೆ. ಅವಳು ಪಟ್ಟಿಗಳನ್ನು ಒಂದೊಂದಾಗಿ ಡಬ್ಬಿಗೆ ಜೋಡಿಸುತ್ತಿದ್ದಳು.

"ಇಪ್ಪತ್ತೆರಡು ಅಂತ ನನ್ನ ಕೈಯಲ್ಲಿ ಬರೆಸಿದ ಮೇಲೆ, ನಾಳೆ ನಾನು ಮೂವತ್ತಮೂರು ಅಂದ್ರೆ ಯಾರು ನಂಬ್ತಾರೆ ಸರ್? ಆಗ ಸುಳ್ಳು ಹೇಳಿದವಳು ಈಗ ನಿಜ ಹೇಳ್ತಾಳೆ ಅಂತ ಹೇಗೆ ಗೊತ್ತು ಅಂತಾರೆ. ಅವರು ಕೇಳುದು ಸರಿಯೇ."

"ನಿನ್ನ ಡಾಕ್ಟರೇಟ್ ಹೋಗ್ತದೆ. ಇಷ್ಟು ವರ್ಷದ ಕೆಲಸ."

"ಕೆಲಸ ಇಲ್ಲೇ ಉಂಟು ಸರ್, ಡಬ್ಬಿಯಲ್ಲಿ. ಹೋಗುದು ನಿಮ್ಮ ಸಹಿ ಒಂದೇ."

"ಹಟ ಮಾಡ್ಬೇಡ."

"ಮಾಡ್ತೇನೆ ಸರ್. ಸಿಟ್ಟಿನಿಂದಲ್ಲ. ನಿಮ್ಮಿಂದಲೇ ಎಣಿಸ್ಲಿಕ್ಕೆ ಕಲಿತದ್ದು. ಈಗ ತಪ್ಪು ಎಣಿಸು ಅಂದ್ರೆ ಆಗುದಿಲ್ಲ."

ಅವರು ಕನ್ನಡಕ ಹಾಕಿಕೊಂಡು ಎದ್ದರು. ಹೊರಗೆ ಬಂದು ನನ್ನ ಕೈಗೆ ಐನೂರರ ನೋಟು ಕೊಟ್ಟರು. ನಾನು ದೋಸೆಯ ದುಡ್ಡು ಮಾತ್ರ ಹಿಡಿದು, ಉಳಿದದ್ದನ್ನು ನಾಣ್ಯದ ಸಮೇತ ಎಣಿಸಿ ವಾಪಸು ಕೊಟ್ಟೆ. ಕಾರು ಮಡಿಕೇರಿಯ ಕಡೆಗೆ ಹೋಗಲಿಲ್ಲ, ಬಂದ ದಾರಿಗೇ ತಿರುಗಿತು.

ಆ ವಾರವೇ ಸುಪ್ರಿತಾ ಪಿಎಚ್‌ಡಿ ಬಿಡುತ್ತೇನೆ ಎಂದು ಬರೆದು ಕಳಿಸಿದಳು. ಸಾಕಿದ ಕಪ್ಪೆಗಳನ್ನು, ಬಾಲ ಉದುರಿದ ಮರಿಗಳನ್ನು ಅದೇ ಗುಂಡಿಗಳ ಹತ್ತಿರ ಬಿಟ್ಟು ಬಂದಳು. ಗಾಜಿನ ಪಟ್ಟಿಗಳಲ್ಲಿ ಅರ್ಧ ಪುಣೆಗೆ, ಅರ್ಧ ಹೊರದೇಶದ ಒಂದು ಲ್ಯಾಬಿಗೆ ಹೋದವು. ಎರಡೂ ಕಡೆಯವರು ತಾವಾಗಿ ಎಣಿಸಿ ಉತ್ತರ ಬರೆದರು. ಮರುವರ್ಷ ವಿಜ್ಞಾನದ ಒಂದು ಪತ್ರಿಕೆಯಲ್ಲಿ ಅವಳ ಲೇಖನ ಅಚ್ಚಾಯಿತು. ಹೆಸರಿನ ಕೆಳಗೆ ವಿಶ್ವವಿದ್ಯಾಲಯದ ಹೆಸರು ಇಲ್ಲದ್ದರಿಂದ ನಮ್ಮ ಹೋಟೆಲಿನ ವಿಳಾಸ ಹಾಕಿದ್ದಳು. ಈಗ ಅವಳು ಕಡಬದ ಹತ್ತಿರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಕಾಲೇಜಿನಲ್ಲಿ ಸಿಗಬೇಕಾಗಿದ್ದ ಸಂಬಳದ ಮೂರರಲ್ಲಿ ಒಂದು ಪಾಲಿಗೆ. ಕಿಟ್ಟಣ್ಣ ಮಾವ ಇನ್ನೂ ಅವಳ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಆ ಲೇಖನ ನೋಡಿ ತಜ್ಞರು ಬೊಳ್ಳುಕಲ್ಲಿನ ಕಪ್ಪೆಯನ್ನು ಊರಿನ ಕಪ್ಪೆಯ ಹೆಸರಿನಿಂದ ತೆಗೆದು ಬೇರೆ ಜಾತಿಯೆಂದು ಬರೆದರು. ಸುಪ್ರಿತಾಳಿಗೆ ಡಾಕ್ಟರೇಟ್ ಸಿಗಲಿಲ್ಲ.